ಹೆಪ್ಪು ಹಾಕಿದ ಪಾತ್ರೆ

ಕೂಸೇ,

ಹೋದ ಮಂಗಳವಾರ ಬೆಳಿಗ್ಗೆ ಹಾಲು ತರುವ ಹೆಂಗಸು ಬಾಗಿಲಲ್ಲೇ ನಿಂತು, "ಅಮ್ಮಾ, ನಿಮ್ಮ ತಮ್ಮನ ಹೆಂಡ್ತಿಗೆ ಎದೇಲಿ ಗಂಟಾಗಿ ಆಪರೇಷನ್ ಆಯ್ತಂತೆ, ಹೌದಾ? ಪಾಪ, ಈಗ ಹೆಂಗಿದಾರೆ?" ಎಂದು ಕೇಳಿದಳು. ಅವಳ ದನಿಯಲ್ಲಿ ಕನಿಕರವೇ ಇತ್ತು. ಆದರೆ ಈ ವಿಷಯ ಮನೆಯ ಐದು ಜನರಿಗಲ್ಲದೆ ಬೇರೆಯವರಿಗೆ ಗೊತ್ತಿರಲಿಲ್ಲ. ವಿಚಾರಿಸಿದರೆ, ಅವಳ ಮಗ ಇನ್‌ಸ್ಟಾಗ್ರಾಂನಲ್ಲಿ ನಿನ್ನ ಪದ್ಯ ಓದಿದ್ದನಂತೆ.

ನಾನೂ ತರಿಸಿ ಓದಿದೆ. ಪದ್ಯ ಚೆನ್ನಾಗಿದೆ. ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿದವಳಾಗಿ ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನೆಲ್ಲ ನೀನು ಅದರ ಜೊತೆಗಿಟ್ಟು ಓದಬೇಕು. ಅಮ್ಮನ ರವಿಕೆಯ ಗುಂಡಿ ಹಾಕಲು ನೀನು ಕೈ ಚಾಚಿದಾಗ ಅವಳು ಮುಖ ತಿರುಗಿಸಿದ್ದನ್ನು ನಾಲ್ಕು ಸಾಲಿನಲ್ಲಿ ಹಿಡಿದಿದ್ದೀಯ. ಅಷ್ಟು ನಿಜವಾದ ಸಾಲುಗಳು ಎಲ್ಲರ ಕೈಗೆ ದಕ್ಕುವುದಿಲ್ಲ. ಸಂಜೆ ನಿನ್ನಮ್ಮನಿಗೆ ಫೋನ್ ಮಾಡಿದೆ. ಅವಳಿಗೆ ವಿಷಯ ಆಗಲೇ ಪಕ್ಕದ ಮನೆಯವರಿಂದ ಗೊತ್ತಾಗಿತ್ತು. "ಅವಳು ಬರೆದದ್ದು ತಪ್ಪಲ್ಲ ಅತ್ತಿಗೆ, ನನ್ನನ್ನ ಒಂದು ಮಾತು ಕೇಳಬೇಕಿತ್ತು" ಎಂದಳು. ಬೇರೆ ಏನೂ ಹೇಳಲಿಲ್ಲ.

ಇದನ್ನೆಲ್ಲ ಬಿಟ್ಟುಬಿಡು, ಫೋನ್ ಎತ್ತಿಡು ಎಂದು ಹೇಳಲು ಈ ಕಾಗದ ಬರೆಯುತ್ತಿಲ್ಲ. ನಮ್ಮ ಕಾಲವನ್ನು ನಾನು ಹಾಡಿ ಹೊಗಳುವವಳೂ ಅಲ್ಲ. ಆಗ ಒಂದು ಕಥೆ ಅಚ್ಚಾಗಬೇಕಾದರೆ ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು, ಸ್ವವಿಳಾಸದ ಕವರಿಗೆ ಸ್ಟಾಂಪು ಹಚ್ಚಿ ಕಳಿಸಿ, ತಿಂಗಳುಗಟ್ಟಲೆ ಅಂಚೆಯವನ ದಾರಿ ಕಾಯಬೇಕಿತ್ತು. ಬಹಳ ಸಲ ಬರುತ್ತಿದ್ದದ್ದು ವಿಷಾದಪತ್ರ. ಮನೆಯಲ್ಲಿ ಹೇಳದೆ ಬರೆದು, ಕವರಿಗೆ ಸ್ಟಾಂಪಿನ ದುಡ್ಡಿಲ್ಲದೆ ಸುಮ್ಮನಾದ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ಇವತ್ತು ಆ ಬಾಗಿಲು ಕಾಯುವವರು ಯಾರೂ ಇಲ್ಲ. ಕುಂದಾಪುರದ ಕಡೆಯವರು ಆಸಾಡಿ ಅಮಾಸಿಯಂದು ತಮ್ಮ ನುಡಿಗೆಂದೇ ವಿಶ್ವ ಕುಂದಾಪ್ರ ಕನ್ನಡ ದಿನ ಮಾಡುತ್ತಾರಲ್ಲ, ಬೆಂಗಳೂರಿನಲ್ಲಿ, ಕೊಲ್ಲಿ ದೇಶಗಳಲ್ಲಿ ಇರುವವರೂ ಅದರಲ್ಲಿ ಸೇರಿಕೊಳ್ಳುವಂತಾದದ್ದರಲ್ಲಿ ಈ ಜಾಲತಾಣಗಳ ಪಾಲು ದೊಡ್ಡದು. ಪಠ್ಯಪುಸ್ತಕದ ಕನ್ನಡದ ಮುಂದೆ ನಾಚಿಕೊಂಡು ನಿಲ್ಲುತ್ತಿದ್ದ ಎಷ್ಟೋ ಮನೆಮಾತುಗಳು ಈಗ ತಲೆಯೆತ್ತಿ ಮಾತಾಡುತ್ತಿವೆ. ಅದು ನನಗೆ ಸಂತೋಷವೇ.

ಆದರೂ ಹೇಳಬೇಕಾದದ್ದು ಇದೆ. ನಿನ್ನ ಮಾವನಿಂದಲೇ ಶುರು ಮಾಡುತ್ತೇನೆ.

ಅವರು ಕೊನೆಯ ಸಲ ಆಸ್ಪತ್ರೆಯಲ್ಲಿದ್ದಾಗ ನೋಡಲು ಬಂದ ನೆಂಟರೊಬ್ಬರು, ಮೂಗಿಗೆ ನಳಿಕೆ ಹಾಕಿಕೊಂಡು ಬಾಯಿ ತೆರೆದು ಮಲಗಿದ್ದ ಅವರ ಫೋಟೋ ತೆಗೆದು, ಎಲ್ಲರೂ ಪ್ರಾರ್ಥಿಸಿ ಎಂದು ಬರೆದು ವಾಟ್ಸಾಪ್ ಗುಂಪಿಗೆ ಹಾಕಿದರು. ಅಲ್ಲಿಂದ ಅದು ಯಾರದೋ ಸ್ಟೇಟಸ್ಸಿಗೆ ಹೋಯಿತು, ಅಲ್ಲಿಂದ ಹಳೆಯ ವಿದ್ಯಾರ್ಥಿಗಳ ಗುಂಪಿಗೆ. ನಿನ್ನ ಮಾವ ಹೇಗಿದ್ದರೆಂದು ನಿನಗೆ ನೆನಪಿದೆ. ಪೇಟೆಗೆ ಕೊತ್ತಂಬರಿ ಸೊಪ್ಪು ತರಲು ಹೋಗುವಾಗಲೂ ಇಸ್ತ್ರಿ ಮಾಡಿದ ಅಂಗಿಯೇ ಬೇಕು, ಮುಖಕ್ಷೌರ ಆಗದೆ ಗೇಟು ದಾಟುತ್ತಿರಲಿಲ್ಲ. ಅವರ ಶಿಷ್ಯರ ಕಣ್ಣಿನಲ್ಲಿ ಕೊನೆಗೆ ಉಳಿದದ್ದು ಆ ನಳಿಕೆಯ ಮುಖ. ತೆಗೆದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಎಚ್ಚರವಿದ್ದಿದ್ದರೆ ನಿನ್ನ ಮಾವ ಬೇಡ ಎನ್ನುತ್ತಿದ್ದರು. ಎಚ್ಚರವಿಲ್ಲದವರ ಪರವಾಗಿ ಬೇಡ ಎನ್ನಬೇಕಾದವಳು ನಾನು. ನನಗೆ ಗೊತ್ತಾಗುವ ಹೊತ್ತಿಗೆ ಅದು ಊರೆಲ್ಲ ಸುತ್ತಿತ್ತು.

ಅಂದಿನಿಂದ ನಾನು ಗುಟ್ಟಿಗೂ ಖಾಸಗಿತನಕ್ಕೂ ಇರುವ ವ್ಯತ್ಯಾಸವನ್ನು ಬಹಳ ಯೋಚಿಸಿದ್ದೇನೆ. ಗುಟ್ಟು ಎಂದರೆ ಬಯಲಾದರೆ ಅಪಮಾನ ಎಂಬ ಭಯಕ್ಕೆ ಮುಚ್ಚಿಟ್ಟದ್ದು. ಖಾಸಗಿ ಎಂದರೆ ಹಾಗಲ್ಲ. ಯಾರಿಗೆ, ಯಾವಾಗ, ಎಷ್ಟು ಹೇಳಬೇಕು ಎನ್ನುವುದನ್ನು ನಾನೇ ನಿರ್ಧರಿಸುತ್ತೇನೆ ಎನ್ನುವ ಅಧಿಕಾರ. ನಿನ್ನಮ್ಮನ ಗಂಟು ಗುಟ್ಟಲ್ಲ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಅದು ಅವಳದು.

ಈ ಅಧಿಕಾರಕ್ಕಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರು ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು ಎನ್ನುವುದು ನಿನಗೆ ತಿಳಿದಿರಲಿ. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ವಯಸ್ಸಿನಲ್ಲಿ ಸ್ವಂತಕ್ಕೆ ಅದರಿಂದ ಆಗಬೇಕಾದದ್ದು ಏನಿತ್ತು ಹೇಳು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ನಿನ್ನ ಕಾಲದ ಮಕ್ಕಳಿಗೆ ಒಬ್ಬ ಹಿರಿಯ ಬಿಟ್ಟುಹೋದ ಆಸ್ತಿ ಅದು. ಸರ್ಕಾರದ ಎದುರು ಅಷ್ಟು ಕಷ್ಟಪಟ್ಟು ಗಳಿಸಿದ್ದನ್ನು ನಾವೇ ಬೆರಳ ತುದಿಯಿಂದ ಕಳೆದುಕೊಳ್ಳಬಾರದು.

ಕಳೆದುಕೊಂಡರೆ ನನ್ನದು ತಾನೇ ಹೋಗುವುದು ಎಂದು ನೀನು ಕೇಳಬಹುದು. ಅಲ್ಲ. 2018ರಲ್ಲಿ ಕೇಂಬ್ರಿಜ್ ಅನಲಿಟಿಕಾ ಎಂಬ ಕಂಪನಿಯ ಹಗರಣ ಹೊರಬಿತ್ತು. ನಿಮ್ಮ ಸ್ವಭಾವ ಹೇಗಿದೆ ಎಂದು ಹೇಳುತ್ತೇವೆ ಎನ್ನುತ್ತ ಆ ಕಂಪನಿಗೆ ಮಾಹಿತಿ ಒದಗಿಸಿದ ಒಂದು ಪ್ರಶ್ನೋತ್ತರದ ಆ್ಯಪ್ ಫೇಸ್‌ಬುಕ್ಕಿನಲ್ಲಿತ್ತು. ಇಂಡಿಯಾದಲ್ಲಿ ಅದನ್ನು ಹಾಕಿಕೊಂಡವರು ಬರೀ 335 ಜನ. ಅವರ ಗೆಳೆಯರ ಪಟ್ಟಿಯ ಮೂಲಕ ಮಾಹಿತಿ ಸೋರಿರಬಹುದಾದವರು ಐದು ಲಕ್ಷ ಅರವತ್ತೆರಡು ಸಾವಿರಕ್ಕೂ ಹೆಚ್ಚು ಎಂದು ಫೇಸ್‌ಬುಕ್ಕೇ ಒಪ್ಪಿಕೊಂಡಿತು. ನಾವು ಒಂದು ಗುಂಡಿ ಒತ್ತಿದರೆ ತೆರೆದುಕೊಳ್ಳುವುದು ನಮ್ಮ ಬಾಗಿಲೊಂದೇ ಅಲ್ಲ, ನಮ್ಮನ್ನು ನಂಬಿದವರ ಬಾಗಿಲೂ ಹೌದು. ನಿನ್ನಮ್ಮನ ವಿಷಯದಲ್ಲಿ ಆದದ್ದು ಇದೇ.

ಇನ್ನು ನಿನ್ನ ಬರವಣಿಗೆಯ ಮಾತು. ನನಗೆ ಹೆಚ್ಚು ಸಂಕಟವಾಗಿರುವುದು ಇದರ ಬಗ್ಗೆ.

ಪಿಯುಸಿಯಲ್ಲಿದ್ದಾಗ ನೀನು ನಮ್ಮ ಮನೆಯ ಅಟ್ಟದ ಮೇಲೆ ಕೂತು ಬರೆಯುತ್ತಿದ್ದ ನೋಟ್‌ಬುಕ್ಕು ನನ್ನ ಬಳಿಯೇ ಇದೆ. ಅದರಲ್ಲಿ ಒಂದು ಉಂಬಳದ ಮೇಲೆ ಪದ್ಯವಿದೆ, ಅಡಿಕೆ ಸುಲಿಯುವವರ ಬೆರಳಿನ ಮೇಲೆ ಒಂದು, ಬಸ್ಸು ತಪ್ಪಿದ ಸಂಜೆಯ ಮೇಲೆ ಒಂದು. ಕೆಲವು ಕೆಟ್ಟವು, ಕೆಲವು ಅರ್ಧಕ್ಕೇ ನಿಂತವು. ಆದರೆ ಯಾವುದೂ ಇನ್ನೊಂದರ ಹಾಗಿಲ್ಲ. ಅಮ್ಮನ ಪದ್ಯಕ್ಕೆ ನಾಲ್ಕು ಸಾವಿರ ಲೈಕು ಬಂದ ಮೇಲೆ ನೀನು ಹಾಕಿದ ಹನ್ನೊಂದು ಪದ್ಯಗಳನ್ನೂ ಓದಿದೆ. ಎಲ್ಲದರಲ್ಲೂ ಕಣ್ಣೀರು, ಎಲ್ಲವೂ ಐದೇ ಸಾಲು, ಕೊನೆಯ ಸಾಲು ಎದೆಗೆ ಚುಚ್ಚುವಂತೆ ತಿರುಗುತ್ತದೆ, ಹಿಂದೆ ಅದೇ ಪಿಟೀಲು. ನಿನ್ನೊಳಗೆ ಈಗ ದುಃಖ ಮಾತ್ರ ಇದೆ ಎಂದು ನಾನು ನಂಬುವುದಿಲ್ಲ. ಯಾವುದು ಓಡುತ್ತದೆಂದು ನಿನಗೆ ಗೊತ್ತಾಗಿದೆ, ಅಷ್ಟೇ.

ಆ ಗೊತ್ತಾಗುವಿಕೆಯನ್ನು ನಿನಗೆ ಕಲಿಸಿದ್ದು ಒಂದು ಯಂತ್ರ. ಫೇಸ್‌ಬುಕ್ಕಿನಲ್ಲಿ ಲೈಕ್ ಗುಂಡಿ ಬಂದದ್ದು 2009ರ ಫೆಬ್ರವರಿಯಲ್ಲಿ. ನೀನಾಗ ಇನ್ನೂ ಒಂದನೇ ತರಗತಿಗೂ ಸೇರಿರಲಿಲ್ಲ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಮ್ಮಲ್ಲಿ ನಿಷೇಧವಾಯಿತು, ಮರು ತಿಂಗಳೇ ಇನ್‌ಸ್ಟಾಗ್ರಾಂ 15 ಸೆಕೆಂಡಿನ ರೀಲ್ಸ್ ತಂದು ಆ ಜಾಗ ಹಿಡಿಯಿತು. ನೋಡುವವರ ಹೆಬ್ಬೆರಳು ಎಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಅದು ಲೆಕ್ಕ ಹಾಕುತ್ತದೆ, ನಿಂತದ್ದನ್ನು ಹತ್ತು ಜನರ ಮುಂದೆ ಹಿಡಿಯುತ್ತದೆ. ಅದಕ್ಕೆ ನಿನ್ನ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಜಾಹೀರಾತು ತೋರಿಸಲು ಅದಕ್ಕೆ ಜನರ ಹೊತ್ತು ಬೇಕು. ಹೆಬ್ಬೆರಳು ನಿಲ್ಲಿಸುವ ಸಾಲು ಬೇರೆ, ಮನಸ್ಸಿನಲ್ಲಿ ನಿಲ್ಲುವ ಸಾಲು ಬೇರೆ. ಈ ಎರಡೂ ಕೆಲವು ಸಲ ಒಂದೇ ಆಗುತ್ತವೆ. ಯಾವಾಗಲೂ ಅಲ್ಲ.

ಐದು ವರ್ಷದವಳಿದ್ದಾಗ ನೀನು ನನ್ನ ಅಡುಗೆಮನೆಯಲ್ಲಿ ಮಾಡುತ್ತಿದ್ದ ಒಂದು ಕೆಲಸ ನೆನಪಾಗುತ್ತದೆ. ರಾತ್ರಿ ಹಾಲಿಗೆ ಹೆಪ್ಪು ಹಾಕಿಟ್ಟರೆ ಗಳಿಗೆಗೊಮ್ಮೆ ಮುಚ್ಚಳ ತೆಗೆದು, "ಮೊಸರಾಯ್ತಾ ಅತ್ತೇ?" ಎಂದು ಪಾತ್ರೆ ಅಲುಗಿಸಿ ನೋಡುತ್ತಿದ್ದೆ. ಬೆಳಿಗ್ಗೆ ಅದು ಗಟ್ಟಿಯಾಗದೆ ನೀರು ಬಿಟ್ಟುಕೊಂಡಿರುತ್ತಿತ್ತು. ಬರವಣಿಗೆಗೂ ಒಂದು ರಾತ್ರಿ ಬೇಕು, ಮುಚ್ಚಳ ಬೇಕು, ಯಾರೂ ಮುಟ್ಟದ ಮೂಲೆ ಬೇಕು. ಬರೆದ ಹತ್ತನೇ ನಿಮಿಷಕ್ಕೆ ನಾಲ್ಕು ಸಾವಿರ ಜನ ಮುಚ್ಚಳ ತೆಗೆದು ನೋಡಿದರೆ ಅದು ಹೆಪ್ಪುಗಟ್ಟುವುದು ಯಾವಾಗ? ನನಗೆ ಖಾಸಗಿತನ ಬೇರೆ, ಸೃಜನಶೀಲತೆ ಬೇರೆ ಎಂದು ಅನ್ನಿಸಿಯೇ ಇಲ್ಲ. ಮೊದಲನೆಯದು ಇಲ್ಲದ ಕಡೆ ಎರಡನೆಯದು ಕೂಡಿಬರುವುದಿಲ್ಲ.

ನೀನಿರುವ ಮೈಸೂರಿನಲ್ಲೇ ನಡೆದದ್ದು ಒಂದು ಹೇಳುತ್ತೇನೆ. ನಿನ್ನ ವಯಸ್ಸಿನಲ್ಲಿ ಕುವೆಂಪು ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದರು; 1922ರಲ್ಲಿ 'ಬಿಗಿನರ್ಸ್ ಮ್ಯೂಸ್' ಎಂಬ ಪುಟ್ಟ ಸಂಕಲನವೂ ಬಂದಿತ್ತು. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಪದ್ಯಗಳನ್ನು ತೋರಿಸಿದರು. ಕಸಿನ್ಸ್ ನೋಡಿ, ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಎಂದು ಕೇಳಿ, ಅದರಲ್ಲೇ ಬರೆ ಎಂದರು. ಹುಡುಗನಿಗೆ ಹೊಗಳಿಕೆಯ ನಿರೀಕ್ಷೆಯಿತ್ತು, ಸಿಕ್ಕಿದ್ದು ಇದು. ಆದರೆ ಆ ಒಬ್ಬ ಓದುಗನ ಒಂದು ಮಾತು ಅವರನ್ನು ಕನ್ನಡಕ್ಕೆ ತಂದಿತು. ಆ ಇಂಗ್ಲಿಷ್ ಪದ್ಯಗಳಿಗೆ ಅಂದೇ ನಾಲ್ಕು ಸಾವಿರ ಜನ ಭಲೇ ಎಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನೋಡು. ನಿನಗೂ ಅಂಥ ಒಬ್ಬ ಓದುಗ ಬೇಕು. ನಿನ್ನನ್ನು ಬಲ್ಲವರು, ನಿನಗೆ ನೋವಾದೀತೆಂದು ತಿಳಿದೂ ನಿಜ ಹೇಳುವವರು. ಲೈಕು ಒತ್ತುವವರು ನಿನಗೆ ಇದು ಸಾಲದು ಎಂದು ಎಂದೂ ಹೇಳುವುದಿಲ್ಲ, ಸುಮ್ಮನೆ ಮುಂದೆ ಹೋಗುತ್ತಾರೆ.

ಮತ್ತೆ, ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳಲು ಮುಖ ತೋರಿಸಲೇಬೇಕೆಂಬ ನಿಯಮ ನಮ್ಮ ಭಾಷೆಯಲ್ಲಿ ಎಂದೂ ಇರಲಿಲ್ಲ. ವಚನಕಾರರು ಸಾಲಿನ ಕೊನೆಗೆ ಇಟ್ಟದ್ದು ತಮ್ಮ ಹೆಸರಲ್ಲ, ತಮ್ಮ ದೈವದ ಅಂಕಿತ. ಬೇಂದ್ರೆ ಕವಿತೆಗೆ ಅಂಬಿಕಾತನಯದತ್ತ ಎಂದು ಸಹಿ ಹಾಕಿದರು, ತಾಯಿಯ ಹೆಸರಿನ ಹಿಂದೆ ನಿಂತುಕೊಂಡು. ಅನಸೂಯಾ ಶಂಕರ್ ತ್ರಿವೇಣಿಯಾಗಿ ಹೆಣ್ಣಿನ ಮನಸ್ಸಿನ ಎಂಥೆಂಥ ಕತ್ತಲೆಯ ಕೋಣೆಗಳಿಗೆ ಹೋಗಿಬಂದರು! ಆ ಹೆಸರುಗಳು ಹೇಡಿತನದ ಮುಸುಕಲ್ಲ. ಮನುಷ್ಯರನ್ನು ಹಿಂದಿಟ್ಟು ಬರಹವನ್ನು ಮುಂದಿಡುವ ರೀತಿ ಅದು. ನಿನ್ನ ಪುಟದಲ್ಲಿ ಈಗ ಅದು ತಿರುಗುಮುರುಗಾಗಿದೆ. ನಿನ್ನ ಕಾಲೇಜು, ಪಿ.ಜಿ.ಯ ಬೋರ್ಡು, ದಿನಾ ಸಂಜೆ ಕೂರುವ ಟೀ ಅಂಗಡಿ, ಹುಟ್ಟಿದ ದಿನ ಎಲ್ಲವೂ ಕಾಣುತ್ತದೆ. ಪದ್ಯ ಹುಡುಕಬೇಕು.

ಅದಕ್ಕೇ ಕೆಲವು ಕೆಲಸ ಇವತ್ತೇ ಮಾಡು. ನೀನಿರುವ ಜಾಗ ತೋರಿಸುವ ಫೋಟೋಗಳನ್ನು ತೆಗೆದುಬಿಡು. ಎಲ್ಲಾದರೂ ಹೋದರೆ ಅಲ್ಲಿಂದ ಹೊರಟ ಮೇಲೆ ಹಾಕು, ಇರುವಾಗಲೇ ಬೇಡ. ಪದ್ಯದ ಹಸ್ತಪ್ರತಿ ತಾರೀಖಿನ ಸಮೇತ ನಿನ್ನ ಹತ್ತಿರ ಇರಲಿ. ಬರೆದ ಕ್ಷಣದಿಂದಲೇ ಹಕ್ಕುಸ್ವಾಮ್ಯ ನಿನ್ನದು. ಕಾನೂನಿನ ಪ್ರಕಾರ ನೀನು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ. ಆದರೆ ಇನ್‌ಸ್ಟಾಗ್ರಾಂಗೆ ಹಾಕಿದ್ದನ್ನು ಹಣ ಕೊಡದೆ ಜಗತ್ತಿನಾದ್ಯಂತ ಬಳಸಿಕೊಳ್ಳಲು ನೀನು ಖಾತೆ ತೆರೆಯುವಾಗಲೇ ಅವರಿಗೆ ಅನುಮತಿ ಕೊಟ್ಟಿದ್ದೀಯ. ಇದು ತಿಳಿದಿರಲಿ.

ಇನ್ನೊಂದು ಮಾತು, ಇದನ್ನು ನಿನ್ನ ಗೆಳತಿಯರಿಗೂ ಹೇಳು. ಯಾವನಾದರೂ ನಿನ್ನ ಫೋಟೋ ತಿದ್ದಿ, ಇಲ್ಲವೇ ನಂಬಿ ಕಳಿಸಿದ್ದನ್ನು ಹಿಡಿದುಕೊಂಡು ಹೆದರಿಸಿದರೆ, ಅಪ್ಪನಿಗೆ ಗೊತ್ತಾದರೆ ಏನು ಗತಿ ಎಂದು ಒಳಗೇ ಬೇಯಬೇಡ. ಒಪ್ಪಿಗೆಯಿಲ್ಲದೆ ಯಾರದೇ ಖಾಸಗಿ ಅಂಗಗಳ ಚಿತ್ರ ತೆಗೆದರೂ ಹಂಚಿದರೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನ ಪ್ರಕಾರ ಮೂರು ವರ್ಷದವರೆಗೆ ಜೈಲಾಗಬಹುದು. ಜಿಲ್ಲೆಗಳಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗಳಿವೆ, 1930 ಸೈಬರ್ ಸಹಾಯವಾಣಿ ಇದೆ. ಅದಕ್ಕೂ ಮೊದಲು ನಾನಿದ್ದೇನೆ. ರಾತ್ರಿ ಎರಡು ಗಂಟೆಗಾದರೂ ಫೋನ್ ಮಾಡು. ನಾನು ಏಕೆ, ಹೇಗೆ ಎಂದು ಒಂದು ಪ್ರಶ್ನೆಯನ್ನೂ ಕೇಳದೆ ಮೊದಲ ಬಸ್ಸಿಗೆ ಹೊರಟು ಬರುತ್ತೇನೆ.

ನಿನ್ನ ಉಂಬಳದ ಪದ್ಯದ ನೋಟ್‌ಬುಕ್ಕನ್ನು ಅಪ್ಪನ ಕೈಲಿ ಕಳಿಸುತ್ತಿದ್ದೇನೆ. ಹಿಂದಿನ ನಲವತ್ತು ಪುಟ ಖಾಲಿಯಿವೆ. ಅದರಲ್ಲಿ ಬರೆ, ದೀಪಾವಳಿಯವರೆಗೆ ಯಾರಿಗೂ ತೋರಿಸಬೇಡ, ನನಗೂ ಬೇಡ. ಆಮೇಲೆ ಯಾವುದು ಹೊರಗೆ ಹೋಗಬೇಕು ಎಂದು ನೀನೇ ಆರಿಸು.

ಈ ಶನಿವಾರ ಮಾತ್ರ ತಪ್ಪದೆ ಊರಿಗೆ ಬಾ. ಅಮ್ಮನ ಪಕ್ಕದಲ್ಲಿ ಕೂತು ಆ ಪದ್ಯ ಓದಿ ಹೇಳು. ಆಮೇಲೆ ಅದು ಅಲ್ಲಿ ಇರಬೇಕೋ ಬೇಡವೋ ಎಂದು ಅವಳನ್ನೇ ಕೇಳು. ಊರಲ್ಲಿ ಎಷ್ಟೋ ಜನ ಅದನ್ನು ಓದಿಯಾಯಿತು. ಅವಳು ಇನ್ನೂ ನಿನ್ನ ಬಾಯಿಂದ ಕೇಳಿಲ್ಲ.