ಚೀಟಿ ಇಲ್ಲದಿದ್ದರೆ ಬರೀ ಒಣಹುಲ್ಲು: ಹಳೆಯ ಹರ್ಬೇರಿಯಂ ಆಧರಿಸಿದ ಒಂದು ಪಾಠ

ನಮ್ಮ ಭಾಗದ ಪ್ರೌಢಶಾಲೆಗಳಲ್ಲಿ ಮಕ್ಕಳು ಸಸ್ಯಗಳನ್ನು ಒಣಗಿಸಿ ಹಾಳೆಗೆ ಅಂಟಿಸಿ ಹರ್ಬೇರಿಯಂ ಮಾಡುವುದು ವಾಡಿಕೆ. ಹಾಳೆಯ ಮೇಲೆ ಎಕ್ಕ, ತುಂಬೆ, ಉತ್ತರಾಣಿ ಎಂದು ದುಂಡಗಿನ ಅಕ್ಷರದಲ್ಲಿ ಹೆಸರು ಬರೆದಿರುತ್ತಾರೆ. ಅಂಕ ಕೊಟ್ಟ ಮೇಲೆ ಆ ಹಾಳೆಗಳು ಒಂದೆರಡು ವರ್ಷದಲ್ಲಿ ರದ್ದಿಗೆ ಹೋಗುತ್ತವೆ. ಹಾಗೆ ಹೋಗಲು ಜಾಗದ ಕೊರತೆಯೊಂದೇ ಕಾರಣವಲ್ಲ. ಗಿಡ ಎಲ್ಲಿ ಸಿಕ್ಕಿತು, ಯಾವ ದಿನ ಸಿಕ್ಕಿತು, ಯಾರು ತಂದರು ಎಂಬುದು ಆ ಹಾಳೆಗಳ ಮೇಲೆ ಇರುವುದಿಲ್ಲ. ಈ ಮೂರು ಸಂಗತಿಗಳಿದ್ದರೆ ಹಾಳೆ ದಾಖಲೆಯಾಗುತ್ತದೆ, ಇಲ್ಲದಿದ್ದರೆ ಅದು ಬರೀ ಒಣಹುಲ್ಲು. 8ನೇ ತರಗತಿಯ ‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’ ಘಟಕಕ್ಕೆ ಪೂರಕವಾಗಿ ಈ ಒಂದು ಅಂಶವನ್ನು ಕಲಿಸಲು ರೂಪಿಸಿದ ಎರಡು ಅವಧಿಗಳ ಪಾಠವನ್ನು ಇಲ್ಲಿ ವಿವರಿಸಿದೆ.

ವಿಷಯದ ಹಿನ್ನೆಲೆ

ಚಿಕ್ಕೋಡಿ, ಅಥಣಿ ಸೇರಿದಂತೆ ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1949ರಲ್ಲಿ. ಅದಕ್ಕೂ ಮೊದಲು ಈ ಭಾಗದ ಉನ್ನತ ಶಿಕ್ಷಣಕ್ಕೆ 1857ರಲ್ಲಿ ಆರಂಭವಾದ ಮುಂಬಯಿ ವಿಶ್ವವಿದ್ಯಾಲಯವೇ ಆಧಾರ. ಹೀಗಾಗಿ ನಮ್ಮ ಸೀಮೆಯ ಗಿಡಗಂಟಿಗಳ ಹಳೆಯ ದಾಖಲೆ ಹುಡುಕುವವರು ಮುಂಬಯಿ, ಪುಣೆಗಳ ಕಡೆ ಮುಖ ಮಾಡಬೇಕಾಗುತ್ತದೆ.

ಅಂಥ ಸಂಗ್ರಹಗಳಲ್ಲಿ ಮುಖ್ಯವಾದದ್ದು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂ. ಕಾಲೇಜು ಆರಂಭವಾದದ್ದು 1869ರಲ್ಲಿ. ಸ್ವಿಟ್ಜರ್ಲೆಂಡಿನ ಪಾದ್ರಿ ಎಥೆಲ್‌ಬರ್ಟ್ ಬ್ಲಾಟರ್ (1877–1934) 1903ರಲ್ಲಿ ಅಲ್ಲಿಗೆ ಬಂದು ಸಸ್ಯಶಾಸ್ತ್ರ ಕಲಿಸುತ್ತ ಈ ಸಂಗ್ರಹವನ್ನು ಕಟ್ಟಿದರು. ಇಂದು ಅಲ್ಲಿ ಲಕ್ಷಕ್ಕೂ ಮೀರಿದ ಹಾಳೆಗಳಿವೆ. ಎಲ್.ಜೆ. ಸೆಡ್ಜ್‌ವಿಕ್ ಮತ್ತು ಟಿ.ಆರ್. ಬೆಲ್ ಉತ್ತರ ಕನ್ನಡದಲ್ಲಿ ಕೂಡಿಸಿದ ಸಸ್ಯಗಳೂ ಅವುಗಳಲ್ಲಿ ಸೇರಿವೆ. ಬೆಲ್ ಅರಣ್ಯಾಧಿಕಾರಿ. ಸೆಡ್ಜ್‌ವಿಕ್ ಸಿವಿಲ್ ಸರ್ವಿಸ್ ಅಧಿಕಾರಿಯಾಗಿದ್ದು, 1921ರ ಮುಂಬಯಿ ಪ್ರಾಂತದ ಜನಗಣತಿಯನ್ನು ನಡೆಸಿದವರು. ಜನರನ್ನು ಎಣಿಸಿ ಊರುವಾರು ಪಟ್ಟಿ ಮಾಡಿದ ಶಿಸ್ತಿನಲ್ಲೇ ಅವರು ಗಿಡಗಳಿಗೂ ಊರು, ತಾರೀಖು ಬರೆದರು. ಬ್ಲಾಟರ್ ಅವರೊಂದಿಗೆ ‘ಬಾಂಬೆ ಗ್ರಾಸಸ್’ (1935) ಗ್ರಂಥ ರಚಿಸಿದ ಚಾರ್ಲ್ಸ್ ಮೆಕ್ಯಾನ್ ಹುಟ್ಟಿದ್ದು ನಮ್ಮ ಕ್ಯಾಸಲ್‌ರಾಕಿನಲ್ಲಿ.

ಇದೇ ಕಾಲೇಜಿನಲ್ಲಿ ಫಾದರ್ ಹೆನ್ರಿ ಹೆರಾಸ್ 1926ರಲ್ಲಿ ಇತಿಹಾಸ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದರು. ಅವರ ಶಿಷ್ಯ ಜಾರ್ಜ್ ಮೊರಾಯೆಸ್ 1931ರಲ್ಲಿ ‘ಕದಂಬ ಕುಲ’ ಪ್ರಕಟಿಸಿದರು. ನಮ್ಮ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಹಲಸಿ ಆ ಕದಂಬರ ನೆಲೆಗಳಲ್ಲೊಂದು. ಶಾಸನ ಓದುವವರು ಕೇಳುವುದು ಯಾರು, ಯಾವಾಗ, ಎಲ್ಲಿ ಎಂದು. ಹರ್ಬೇರಿಯಂ ಹಾಳೆಯ ಮೂಲೆಯಲ್ಲಿರುವ ಚೀಟಿಯೂ ಇದೇ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ. ಇತಿಹಾಸಕ್ಕೂ ಸಸ್ಯಶಾಸ್ತ್ರಕ್ಕೂ ಪುರಾವೆಯ ನಿಯಮ ಒಂದೇ ಎಂಬುದನ್ನು ಮಕ್ಕಳಿಗೆ ತೋರಿಸಲು ಇದು ಒಳ್ಳೆಯ ಅವಕಾಶ.

ಪಾಠ ಯೋಜನೆ

ತರಗತಿ: 8. ಅವಧಿ: ತಲಾ 40 ನಿಮಿಷಗಳ ಎರಡು ತರಗತಿಗಳು.

ಕಲಿಕೆಯ ಉದ್ದೇಶಗಳು: 1. ವಿದ್ಯಾರ್ಥಿಯು ಹರ್ಬೇರಿಯಂ ಚೀಟಿಯ ಅಂಶಗಳನ್ನು ಹೆಸರಿಸುವನು. 2. ಒಂದು ಸಸ್ಯ ಒಂದು ಪ್ರದೇಶಕ್ಕೆ ಯಾವಾಗ ಬಂತು ಎಂಬುದನ್ನು ದಾಖಲೆಯ ಆಧಾರದಿಂದ ತರ್ಕಿಸುವನು. 3. ‘ದಾಖಲೆ ಇಲ್ಲ’ ಎಂಬುದಕ್ಕೂ ‘ಸಸ್ಯ ಇರಲಿಲ್ಲ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸುವನು. 4. ಪೂರ್ಣ ಚೀಟಿಯೊಂದಿಗೆ ಒಂದು ಹಾಳೆ ಸಿದ್ಧಪಡಿಸುವನು.

ಬೋಧನೋಪಕರಣಗಳು: ಹಳೆಯ ವೃತ್ತಪತ್ರಿಕೆ, ದಪ್ಪ ಬಿಳಿ ಹಾಳೆ (ಸುಮಾರು 42 × 29 ಸೆಂ.ಮೀ.), ಸೂಜಿ ದಾರ, ಭಾರಕ್ಕೆ ಇಟ್ಟಿಗೆ, ಐದು ತಾಲ್ಲೂಕುಗಳ ನಕ್ಷೆ, ಶಿಕ್ಷಕರು ಸಿದ್ಧಪಡಿಸಿದ ನಾಲ್ಕು ಮಾದರಿ ಚೀಟಿಗಳು.

ಪಾಠದ ಬೆಳವಣಿಗೆ

ತೊಡಗಿಸು: ಕಾಂಗ್ರೆಸ್ ಕಸದ ದೊಡ್ಡ ಚಿತ್ರ ತೋರಿಸಿ, ಇದು ನಮ್ಮೂರಿಗೆ ಯಾವಾಗ ಬಂತು ಎಂದು ಕೇಳಬೇಕು. “ಅಜ್ಜನ ಅಜ್ಜನ ಕಾಲದಿಂದಾನೂ ಐತ್ರೀ” ಎಂಬ ಉತ್ತರ ಬಂದೇ ಬರುತ್ತದೆ. ಕಬ್ಬಿನ ಗದ್ದೆಯ ಬದುವಿನಲ್ಲಿ, ರಸ್ತೆಯ ಅಂಚಿನಲ್ಲಿ ದಿನವೂ ನೋಡುವ ಗಿಡ ಮೊದಲಿನಿಂದಲೂ ಇದ್ದಂತೆಯೇ ಕಾಣುತ್ತದೆ. ಆ ಉತ್ತರವನ್ನು ತಪ್ಪೆನ್ನದೆ, “ಹೆಂಗ ಗೊತ್ತು?” ಎಂದು ಮಾತ್ರ ಮರುಪ್ರಶ್ನೆ ಹಾಕಬೇಕು. ಗಿಡವನ್ನು ತರಗತಿಗೆ ತರಬಾರದು. ಅದು ಚರ್ಮಕ್ಕೆ ತುರಿಕೆ, ಉಸಿರಿಗೆ ಅಲರ್ಜಿ ಉಂಟುಮಾಡುತ್ತದೆ.

ಅನ್ವೇಷಿಸು: ಮೂರು ಸುಳಿವುಗಳನ್ನು ಒಂದೊಂದಾಗಿ ಕಪ್ಪುಹಲಗೆಯ ಮೇಲೆ ಬರೆಯಬೇಕು. ಪ್ರತಿ ಸುಳಿವಿನ ನಂತರ ಗುಂಪುಗಳು ತಮ್ಮ ತೀರ್ಮಾನವನ್ನು ಬರೆದುಕೊಳ್ಳಬೇಕು.

ಸುಳಿವು 1: ಥಿಯೋಡರ್ ಕುಕ್ ಅವರು ಬೆಳಗಾವಿಯೂ ಸೇರಿದಂತೆ ಮುಂಬಯಿ ಪ್ರಾಂತದ ಸಸ್ಯಗಳ ಬಗ್ಗೆ ಬರೆದ ‘ಫ್ಲೋರಾ’ 1901ರಿಂದ 1908ರ ನಡುವೆ ಪ್ರಕಟವಾಯಿತು. ಅದರಲ್ಲಿ ಈ ಗಿಡ ಇಲ್ಲ.

ಸುಳಿವು 2: 1955ರಲ್ಲಿ ಪುಣೆಯಲ್ಲಿ ಈ ಗಿಡ ಕಂಡಿತು. ಸಸ್ಯಶಾಸ್ತ್ರಜ್ಞ ಆರ್.ಎಸ್. ರಾವ್ 1956ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ಭಾರತಕ್ಕೆ ಹೊಸ ಸಸ್ಯವೆಂದು ವರದಿ ಮಾಡಿದರು.

ಇಲ್ಲಿಗೆ ಎಲ್ಲ ಗುಂಪುಗಳೂ ‘1955ಕ್ಕಿಂತ ಮೊದಲು ಭಾರತದಲ್ಲಿ ಇರಲಿಲ್ಲ’ ಎಂದು ಬರೆಯುತ್ತವೆ. ಆಗ ಮೂರನೆಯ ಸುಳಿವನ್ನು ಕೊಡಬೇಕು.

ಸುಳಿವು 3: ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಹರ್ಬೇರಿಯಂನಲ್ಲಿ ಇದೇ ಗಿಡದ 1880ರ ಹಾಳೆಯೊಂದು ಇರುವುದು 1970ರ ದಶಕದಲ್ಲಿ ಬೆಳಕಿಗೆ ಬಂತು.

ತರಗತಿಯಲ್ಲಿ ಗದ್ದಲ ಏಳುವುದು ಇಲ್ಲಿ. ಹಾಗಾದರೆ ರಾವ್ ಸುಳ್ಳು ಹೇಳಿದರೇ ಎಂದು ಮಕ್ಕಳು ಕೇಳುತ್ತಾರೆ. ಇಲ್ಲ. ಅವರು ತಮ್ಮ ಮುಂದಿದ್ದ ಪುರಾವೆಯ ಮೇಲೆ ಸರಿಯಾಗಿಯೇ ಬರೆದರು. ಹೊಸ ಪುರಾವೆ ಬಂದಾಗ ತೀರ್ಮಾನ ತಿದ್ದಿಕೊಂಡಿತು. ಸುಮಾರು ಒಂದು ಶತಮಾನ ಕಪಾಟಿನಲ್ಲಿ ಕುಳಿತಿದ್ದ ಒಂದು ಹಾಳೆ ಇಡೀ ದೇಶದ ಲೆಕ್ಕವನ್ನು ಬದಲಿಸಿತು. ಅದರ ಮೇಲೆ ವರ್ಷ ಬರೆದಿರದಿದ್ದರೆ ಅದಕ್ಕೆ ಈ ಬಲ ಬರುತ್ತಿರಲಿಲ್ಲ.

ವಿವರಿಸು: ಮೂರು ಸುಳಿವುಗಳನ್ನು ಕೂಡಿಸಿ ತೀರ್ಮಾನಕ್ಕೆ ಬರಬೇಕು. ಗಿಡ 1880ರ ಹೊತ್ತಿಗೇ ಭಾರತದಲ್ಲಿ ಎಲ್ಲೋ ಒಂದು ಕಡೆ ಇತ್ತು. ಆದರೆ ನಮ್ಮ ಕಡೆಯ ಹೊಲ, ರಸ್ತೆಗಳನ್ನು ತುಂಬುವಷ್ಟು ಹರಡಿದ್ದು 1955ರ ನಂತರ. ಕುಕ್ ಅವರ ಪುಸ್ತಕದಲ್ಲಿ ಇಲ್ಲದಿರುವುದು, ‘ಅಂದಿನ ಸಂಗ್ರಹಕಾರರಿಗೆ ಈ ಪ್ರಾಂತದಲ್ಲಿ ಕಂಡಿಲ್ಲ’ ಎಂಬುದಕ್ಕೆ ಮಾತ್ರ ಆಧಾರ. ಆ ಮಾತಿಗೂ ಬೆಲೆ ಬರುವುದು ಸಂಗ್ರಹಕಾರರು ಬಹಳ ಕಡೆ ತಿರುಗಿ ಬಹಳ ಹಾಳೆ ಮಾಡಿದ್ದರಿಂದ. ಪೂರ್ವದಲ್ಲಿ ನಡೆದ ಹುಡುಕಾಟ ದಟ್ಟವಾಗಿದ್ದಷ್ಟೂ ‘ಕಂಡಿಲ್ಲ’ ಎಂಬ ಮಾತಿಗೆ ಬಲ ಹೆಚ್ಚು.

ಚೀಟಿಯಲ್ಲಿ ಇರಬೇಕಾದವು ಇವು: ವೈಜ್ಞಾನಿಕ ಹೆಸರು, ಊರ ಮಂದಿ ಕರೆಯುವ ಹೆಸರು, ಸ್ಥಳ, ತಾರೀಖು, ಸಂಗ್ರಹಿಸಿದವರ ಹೆಸರು ಮತ್ತು ಅವರ ಕ್ರಮಸಂಖ್ಯೆ, ಬೆಳೆದಿದ್ದ ಜಾಗದ ಸ್ವರೂಪ, ಒಣಗಿದ ಮೇಲೆ ಮಾಸಿಹೋಗುವ ಹೂವಿನ ಬಣ್ಣ. ವೈಜ್ಞಾನಿಕ ಹೆಸರು ತಿಳಿಯದಿದ್ದರೆ ಖಾಲಿ ಬಿಡಬಹುದು. ಹೆಸರನ್ನು ತಿಳಿದವರು ನಂತರವೂ ಸೇರಿಸಬಲ್ಲರು. ಸ್ಥಳ ಮತ್ತು ತಾರೀಖನ್ನು ಗಿಡ ಕಿತ್ತ ದಿನವೇ ಬರೆಯಬೇಕು, ಯಾಕೆಂದರೆ ಆಮೇಲೆ ಅವನ್ನು ಯಾವ ತಜ್ಞರೂ ಹೇಳಲಾರರು.

ವಿಸ್ತರಿಸು: ಎರಡನೆಯ ಅವಧಿಯಲ್ಲಿ ಪಾಠಕ್ಕಾಗಿಯೇ ರಚಿಸಿದ ನಾಲ್ಕು ಮಾದರಿ ಚೀಟಿಗಳನ್ನು ಹಂಚಬೇಕು.

ಅ) ರಾಯಬಾಗ, ಕೊಲ್ಹಾಪುರ ಸಂಸ್ಥಾನ, 1938.
ಆ) ಕಾಗವಾಡ, ಅಥಣಿ ತಾಲ್ಲೂಕು, ಮುಂಬಯಿ ರಾಜ್ಯ, 1952.
ಇ) ನಿಪ್ಪಾಣಿ, ಚಿಕ್ಕೋಡಿ ತಾಲ್ಲೂಕು, ಮೈಸೂರು ರಾಜ್ಯ, 1965.
ಈ) ನಿಪ್ಪಾಣಿ ತಾಲ್ಲೂಕು, ಕರ್ನಾಟಕ, 2022.

ಪ್ರಶ್ನೆ: ಇವು ಎಷ್ಟು ರಾಜ್ಯಗಳ ಗಿಡಗಳು? ಮಕ್ಕಳು ನಾಲ್ಕು ಎನ್ನುತ್ತಾರೆ. ನಕ್ಷೆಯಲ್ಲಿ ಗುರುತಿಸಿದಾಗ ಎಲ್ಲವೂ ಇಂದಿನ ಬೆಳಗಾವಿ ಜಿಲ್ಲೆಯೊಳಗೇ ಬರುತ್ತವೆ. ಕೊಲ್ಹಾಪುರ ಸಂಸ್ಥಾನ 1949ರಲ್ಲಿ ಮುಂಬಯಿಯಲ್ಲಿ ವಿಲೀನವಾಯಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ನಿಪ್ಪಾಣಿ, ಕಾಗವಾಡ ಪ್ರತ್ಯೇಕ ತಾಲ್ಲೂಕುಗಳಾದದ್ದು ಇತ್ತೀಚೆಗೆ. ಊರುಗಳು ಇದ್ದಲ್ಲೇ ಇವೆ, ಆಡಳಿತದ ಗೆರೆಗಳು ಸರಿದಿವೆ. ಆದ್ದರಿಂದ ಚೀಟಿಯಲ್ಲಿ ತಾಲ್ಲೂಕಿನ ಹೆಸರಷ್ಟೇ ಸಾಲದು. ‘ಸದಲಗಾ, ದೂಧಗಂಗಾ ನದಿಯ ದಂಡೆ’ ಎಂಬಂತೆ ಸರಿಯದ ಗುರುತೂ ಬೇಕು. ಶಿಕ್ಷಕರ ಮೊಬೈಲಿನಿಂದ ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶದ ನಾಲ್ಕು ಸ್ಥಾನದವರೆಗೆ ಬರೆಸಿದರೆ ಇನ್ನೂ ಒಳ್ಳೆಯದು. ಅಕ್ಷಾಂಶದಲ್ಲಿ 0.0001 ಡಿಗ್ರಿ ಎಂದರೆ ನೆಲದ ಮೇಲೆ ಸುಮಾರು 11 ಮೀಟರ್. ಗಡಿಭಾಗದ ಮಕ್ಕಳಿಗೆ ಈ ಚಟುವಟಿಕೆ ಬೇಗ ಹತ್ತಿರವಾಗುತ್ತದೆ. ಮನೆಯ ಹಳೆಯ ಕಾಗದಗಳಲ್ಲಿ ತಮ್ಮೂರ ಹೆಸರಿನ ಮುಂದೆ ಬೇರೆ ರಾಜ್ಯದ ಹೆಸರನ್ನು ಕಂಡವರು ಅವರಲ್ಲಿ ಇದ್ದೇ ಇರುತ್ತಾರೆ.

ಉಳಿದ ಸಮಯದಲ್ಲಿ ಶಾಲೆಯ ಆವರಣದಿಂದ ತಲಾ ಒಂದು ಸಾಮಾನ್ಯ ಗಿಡವನ್ನು, ಸಾಧ್ಯವಿದ್ದರೆ ಹೂ ಅಥವಾ ಕಾಯಿಯ ಸಮೇತ, ತಂದು ವೃತ್ತಪತ್ರಿಕೆಗಳ ನಡುವೆ ಹರಡಿ ಭಾರ ಇಡಬೇಕು. ಮೊದಲ ಕೆಲವು ದಿನ ಪತ್ರಿಕೆಯನ್ನು ದಿನವೂ ಬದಲಿಸದಿದ್ದರೆ ಬೂಸಲು ಹಿಡಿಯುತ್ತದೆ. ಹಳೆಯ ಸಂಗ್ರಹಗಳಲ್ಲಿ ಹುಳು ತಡೆಯಲು ಮರ್ಕ್ಯುರಿಕ್ ಕ್ಲೋರೈಡ್ ಬಳಸುತ್ತಿದ್ದರು. ಅದು ವಿಷ. ಶಾಲೆಯಲ್ಲಿ ಅದನ್ನು ಬಳಸಲೇಬಾರದು. ಚೆನ್ನಾಗಿ ಒಣಗಿಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತೇವವಿಲ್ಲದ ಕಡೆ ಇಟ್ಟರೆ ಸಾಕು.

ಮೌಲ್ಯೀಕರಿಸು: 1. ಹೆಸರಿದ್ದು ಸ್ಥಳ, ತಾರೀಖು ಇಲ್ಲದ ಹಾಳೆ, ಸ್ಥಳ, ತಾರೀಖು ಇದ್ದು ಹೆಸರಿಲ್ಲದ ಹಾಳೆ: ಇವೆರಡರಲ್ಲಿ ಯಾವುದನ್ನು ಉಳಿಸುವಿರಿ? ಕಾರಣ ಕೊಡಿ. 2. ನಿಮ್ಮ ಹೊಲದ ಗಿಡವೊಂದು ಯಾವ ಪುಸ್ತಕದಲ್ಲೂ ಇಲ್ಲ ಎಂದುಕೊಳ್ಳಿ. ಅದು ಹೊಸದಾಗಿ ಬಂದದ್ದು ಎನ್ನುವ ಮೊದಲು ಏನೇನು ನೋಡುವಿರಿ? 3. ನೀವು ತಂದ ಗಿಡಕ್ಕೆ ಪೂರ್ಣ ಚೀಟಿ ಬರೆಯಿರಿ.

ಮೊದಲ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಸ್ವೀಕರಿಸಬಾರದು. ಕಾರಣ ಬರೆಯುವಾಗಲೇ ಮಗುವಿನ ತರ್ಕ ಕಾಣುತ್ತದೆ.

ಸಹಪ್ರಶಿಕ್ಷಣಾರ್ಥಿಗಳಿಗೆ ಎರಡು ಸೂಚನೆಗಳು

ಒಂದು, ಅಂಕ ಹಂಚುವಾಗ ಅಂದಕ್ಕಿಂತ ಚೀಟಿಗೆ ಹೆಚ್ಚು ಅಂಕ ಇಡಿ. ಹತ್ತರಲ್ಲಿ ಆರು ಅಂಕ ಚೀಟಿಗೆ ಎಂದು ಮೊದಲೇ ಹೇಳಿದರೆ ಬೇರೆಯವರ ಹಾಳೆ ತಂದು ಒಪ್ಪಿಸುವ ರೂಢಿ ತಾನಾಗಿ ಕಡಿಮೆಯಾಗುತ್ತದೆ. ಎಲ್ಲಿ ಕಿತ್ತೆ ಎಂದು ಕೇಳಿದರೆ ಉತ್ತರ ಹೇಳಬೇಕಲ್ಲ.

ಎರಡು, ಪ್ರತಿ ವರ್ಷ ಚೀಟಿ ಪೂರ್ಣವಾಗಿರುವ ಹತ್ತು ಹಾಳೆಗಳನ್ನಾದರೂ ಶಾಲೆಯ ವಿಜ್ಞಾನ ಕಪಾಟಿನಲ್ಲಿ ಉಳಿಸಲು ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳಿ. ಕಾಲುವೆ ನೀರು, ಕಬ್ಬು, ರಸ್ತೆ ಅಗಲೀಕರಣಗಳಿಂದ ನಮ್ಮ ಐದು ತಾಲ್ಲೂಕುಗಳ ಬದು, ಹುಲ್ಲುಗಾವಲುಗಳು ಬದಲಾಗುತ್ತಿವೆ. ಕುಕ್, ಬ್ಲಾಟರ್, ಸೆಡ್ಜ್‌ವಿಕ್ ಅವರು ಹುಡುಕಿದ ಕಾಲದ ಲೆಕ್ಕ ಪುಣೆ, ಮುಂಬಯಿಗಳ ಕಪಾಟುಗಳಲ್ಲಿದೆ. ಇಂದಿನ ಲೆಕ್ಕ ಇಡಲು ದೊಡ್ಡ ಕಾಲೇಜೇ ಬೇಕೆಂದಿಲ್ಲ. ಹತ್ತು ಹಾಳೆಯಂತೆ ಹತ್ತು ವರ್ಷಕ್ಕೆ ನೂರು ಹಾಳೆಗಳಾಗುತ್ತವೆ. ಮುಂದೆ ಯಾರೋ ಬಂದು, ಈ ಗಿಡ ಇಲ್ಲಿಗೆ ಯಾವಾಗ ಬಂತು, ಆ ಗಿಡ ಯಾವಾಗ ಇಲ್ಲವಾಯಿತು ಎಂದು ಕೇಳಿದರೆ, 8ನೇ ತರಗತಿಯ ಮಗುವೊಂದು ಬರೆದ ಚೀಟಿಯೂ ಸಾಕ್ಷಿ ಹೇಳಬಲ್ಲದು.