ಕಾರ್ಖಾನೆ ಬಂದ ಮೊದಲ ವರ್ಷ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಕುಮಾರಪಟ್ಟಣ ಬೆಳೆದ ಕಥೆಯನ್ನು ಮಕ್ಕಳಿಂದ ಬರೆಸುತ್ತಿದ್ದೇನೆ. ಒಂದು ಮಗುವಿನ ಅಜ್ಜ ‘ಫ್ಯಾಕ್ಟರಿ ಬಂದ ಮೇಲೇ ನಾವು ಹೊಟ್ಟೆತುಂಬ ಉಂಡಿದ್ದು’ ಎನ್ನುತ್ತಾರೆ. ಇನ್ನೊಂದು ಮಗುವಿನ ಅಜ್ಜಿ ‘ಹೊಳಿ ಕೆಟ್ಟಿದ್ದೇ ಅದರಿಂದ’ ಎನ್ನುತ್ತಾರೆ. ಎರಡನ್ನೂ ಬರೆಸಿದರೆ ಊರಲ್ಲಿ ಮನಸ್ತಾಪವಾದೀತೆಂದು ಅಂಜಿಕೆ. ಯಾವುದು ನಿಜ?
(ಓದುಗರು, ರಾಣೆಬೆನ್ನೂರು ತಾಲ್ಲೂಕು)

ಉತ್ತರ: ನಿಮ್ಮ ಅಂಜಿಕೆ ಸಹಜವಾದದ್ದೇ. ನಾಳೆಯೂ ಅದೇ ಬೀದಿಯಲ್ಲಿ ನಡೆದು ಶಾಲೆಗೆ ಹೋಗಬೇಕಾದವರು ನೀವು. ಆದರೆ ಸಮಾಧಾನದಿಂದಿರಿ, ಅಜ್ಜ ಹೇಳಿದ್ದೂ ನಿಜ, ಅಜ್ಜಿ ಹೇಳಿದ್ದೂ ನಿಜ. ಒಬ್ಬರು ಒಂದು ಕಾಲದ ಮಾತಾಡುತ್ತಿದ್ದಾರೆ, ಇನ್ನೊಬ್ಬರು ಬೇರೊಂದು ಕಾಲದ್ದು. ಪ್ರತಿ ಮಾತಿನ ಪಕ್ಕದಲ್ಲಿ ಇಸವಿ ಬರೆಸಿ, ಅರ್ಧ ಜಗಳ ಅಲ್ಲೇ ಇಳಿಯುತ್ತದೆ.

ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಕುಮಾರಪಟ್ಟಣದಲ್ಲಿ ಶುರುವಾದದ್ದು 1972ರಲ್ಲಿ. ಹೆಸರಿನಲ್ಲಿ ಹರಿಹರ ಇದ್ದರೂ ಅದು ನಿಂತದ್ದು ತುಂಗಭದ್ರಾ ಹೊಳೆಯ ಈಚೆ ದಂಡೆಯ ರಾಣೆಬೆನ್ನೂರು ತಾಲ್ಲೂಕಿನ ನೆಲದಲ್ಲಿ. ಬಿರ್ಲಾ ಸಮೂಹದ ಆಗಿನ ಗ್ವಾಲಿಯರ್ ರೇಯಾನ್ ಕಂಪನಿಯ ಈ ಘಟಕ ನೀಲಗಿರಿ ಮರದಿಂದ ಪಲ್ಪ್ (ಮರವನ್ನು ರಾಸಾಯನಿಕದಲ್ಲಿ ಬೇಯಿಸಿ ತೆಗೆದ ನಾರಿನ ತಿರುಳು) ತಯಾರಿಸುತ್ತದೆ. ಅದರಿಂದ ರೇಯಾನ್ ನೂಲು ಬರುತ್ತದೆ.

ಅಲ್ಲೇ ಏಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ತುಂಗಭದ್ರೆಯ ನೀರು, ಹರಿಹರದ ರೈಲು ನಿಲ್ದಾಣ, ಪುಣೆ-ಬೆಂಗಳೂರು ಹೆದ್ದಾರಿ, ಸುತ್ತಲಿನ ಜಿಲ್ಲೆಗಳಲ್ಲಿ ಎದ್ದು ನಿಂತಿದ್ದ ನೀಲಗಿರಿ ನೆಡುತೋಪು, ಇವೆಲ್ಲ ಅಲ್ಲಿ ಒಂದೇ ಕಡೆ ಕೂಡಿಬಂದಿದ್ದವು. ಆಚೆ ದಂಡೆಯ ಹರಿಹರದಲ್ಲಿ 1941ರಷ್ಟು ಹಿಂದೆಯೇ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಗಿ ಲೇಥ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ತಯಾರಾಗುತ್ತಿತ್ತು. ಆಗ ಆಚೆಯದು ಮೈಸೂರು ಸಂಸ್ಥಾನ, ಈಚೆಯದು ಮುಂಬಯಿ ಪ್ರಾಂತ. 1956ರ ನವೆಂಬರ್ 1ರಂದು ಎರಡು ದಂಡೆಗಳೂ ಒಂದೇ ರಾಜ್ಯಕ್ಕೆ ಸೇರಿದವು. ಅಲ್ಲಿಂದ 16 ವರ್ಷಕ್ಕೆ ಈಚೆಗೂ ದೊಡ್ಡ ಕಾರ್ಖಾನೆ ಬಂತು. ಮಳೆ ನಂಬಿ ಜೋಳ ಬಿತ್ತುತ್ತಿದ್ದ ಮನೆಗೆ ತಿಂಗಳು ತಿಂಗಳು ಪಗಾರ ಬರುವುದೆಂದರೆ ಏನೆಂದು ಅಜ್ಜನಿಗೆ ಗೊತ್ತು. ಅವರ ಋಣಭಾವವನ್ನು ಯಾರೂ ಹಗುರವಾಗಿ ಕಾಣಬಾರದು.

ಇನ್ನು ಅಜ್ಜಿಯ ಮಾತು. ನೀರಿನ ಮಾಲಿನ್ಯ ತಡೆಯುವ ಕೇಂದ್ರದ ಕಾಯ್ದೆ ಬಂದದ್ದು 1974ರಲ್ಲಿ. ನಮ್ಮ ರಾಜ್ಯದ ಮಾಲಿನ್ಯ ಮಂಡಳಿ ಹುಟ್ಟಿದ್ದೂ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ. ಕಾರ್ಖಾನೆ ಮೊದಲು ಬಂತು, ಕಾಯ್ದೆ ಎರಡು ವರ್ಷ ತಡವಾಗಿ ಬಂತು. ಹೊಳೆಗೆ ಏನು ಬಿಡುತ್ತೀರಿ ಎಂದು ಮೊದಲ ವರ್ಷವೇ ಕೇಳೋಣವೆಂದರೆ ಊರವರು ಹೋಗಿ ಅರ್ಜಿ ಕೊಡುವಂಥ ಮಂಡಳಿಯೇ ಇರಲಿಲ್ಲ. ಕುಮಾರಪಟ್ಟಣದ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಎರಡು ವರ್ಷದ ಅಂತರವೇ.

ಅದರ ಫಲ 1980ರ ದಶಕದಲ್ಲಿ ಕಾಣಿಸಿತು. ಹೊಳೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದವು. ಪಲ್ಪ್ ಕಾರ್ಖಾನೆಯ ಕೊಳೆನೀರಿನಲ್ಲಿ ಲಿಗ್ನಿನ್ (ಮರದ ನಾರನ್ನು ಬಿಗಿಹಿಡಿದ ಅಂಟಿನಂಥ ವಸ್ತು) ಇರುವುದರಿಂದ ಅದು ಕಪ್ಪುಗಂದು ಬಣ್ಣಕ್ಕೆ ತಿರುಗಿರುತ್ತದೆ. ಅದರ ಜೊತೆ ಬರುವ ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೂ ಬಳಸಿಬಿಡುತ್ತವೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಜನ ತುಂಬಿದರೆ ಉಸಿರು ಕಟ್ಟುತ್ತದಲ್ಲ, ಮೀನಿಗೂ ಹಾಗೆಯೇ. ಬೇಸಿಗೆಯಲ್ಲಿ ಹರಿವು ಸಣ್ಣದಾದಾಗ ತೊಂದರೆ ಹೆಚ್ಚು. ಮೀನುಗಾರರ, ದಂಡೆಯ ಊರುಗಳ ಪರವಾಗಿ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಸ್.ಆರ್. ಹಿರೇಮಠರ ಮುಂದಾಳುತನದಲ್ಲಿ ಹೋರಾಟಕ್ಕಿಳಿಯಿತು.

ಮರದ ಪ್ರಶ್ನೆಯೂ ಆಗಲೇ ಎದ್ದಿತು. 1984ರಲ್ಲಿ ಸರ್ಕಾರ ಮತ್ತು ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಸಂಸ್ಥೆ ಕಟ್ಟಿ, ಸುಮಾರು 30,000 ಹೆಕ್ಟೇರ್ ಸರ್ಕಾರಿ ಜಮೀನಿನಲ್ಲಿ ನೀಲಗಿರಿ ಮುಂತಾದವನ್ನು ಬೆಳೆಸಲು ಹೊರಟವು. ದನ ಮೇಯಿಸುವ, ಸೌದೆ ತರುವ ಜಾಗ ಕೈತಪ್ಪುತ್ತದೆಂದು ಹಳ್ಳಿಗರು ಎದ್ದು ನಿಂತರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಸಸಿ ಹಚ್ಚಿದರು. ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರೂ ಇದ್ದರು. ಕೊನೆಗೆ ಆ ಸಂಸ್ಥೆಯನ್ನೇ ಮುಚ್ಚಲಾಯಿತು.

ಈಗ ಮಕ್ಕಳ ಕೆಲಸಕ್ಕೆ ಬರೋಣ. ಹಿರಿಯರನ್ನು ಕಾಣಲು ಹೋದಾಗ ಮೂರು ಸಂಗತಿ ತಪ್ಪದೆ ಬರೆದುಕೊಳ್ಳಲಿ: ಯಾವ ವರ್ಷದ ಮಾತು, ಆಗ ಅವರ ಮನೆ ಕಾರ್ಖಾನೆಗಿಂತ ಹೊಳೆಯ ಮೇಲೆ ಇತ್ತೋ ಕೆಳಗೆ ಇತ್ತೋ, ಮನೆ ನಡೆಯುತ್ತಿದ್ದದ್ದು ಪಗಾರದಿಂದಲೋ ಹೊಲದಿಂದಲೋ ಮೀನಿನಿಂದಲೋ. ಹಳೆಯ ಕಾಗದಗಳೂ ಬೇಕಾಗುತ್ತವೆ. ನಿಮ್ಮ ಹಾವೇರಿ ಜಿಲ್ಲೆ ಆದದ್ದು 1997ರ ಆಗಸ್ಟ್ 24ರಂದು. ಅದಕ್ಕೂ ಹಿಂದಿನ ಕಾಗದಗಳು ಧಾರವಾಡ ಜಿಲ್ಲೆಯ ಹೆಸರಿನಲ್ಲಿರುತ್ತವೆ, ಅಲ್ಲಿಯೂ ಹುಡುಕಿಸಿ. ಅಜ್ಜ ಅಜ್ಜಿ ಇಬ್ಬರ ಮಾತನ್ನೂ ಒಂದೇ ಪುಟದಲ್ಲಿ ಬರೆಸಿ. ಇಬ್ಬರಿಗೂ ಮರ್ಯಾದೆ ಸಂದರೆ ಮನಸ್ತಾಪಕ್ಕೆ ಕಾರಣ ಉಳಿಯುವುದಿಲ್ಲ.

ಪ್ರಶ್ನೆ: ನಮ್ಮ 4 ಎಕರೆ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋಗುತ್ತದೆಂದು ಸುದ್ದಿ. ದಲ್ಲಾಳಿಯೊಬ್ಬ ‘ಈಗಲೇ ಕೊಟ್ಟುಬಿಡಿ, ನೋಟಿಸ್ ಬಂದರೆ ಬಿಡಿಗಾಸೂ ಸಿಗದು’ ಎನ್ನುತ್ತಾನೆ. ರಾತ್ರಿ ನಿದ್ದೆ ಹತ್ತುತ್ತಿಲ್ಲ.
(ಓದುಗರು, ಹಾವೇರಿ)

ಉತ್ತರ: ಹೊಲ ಹೋಗುತ್ತದೆ ಎಂದರೆ ಯಾರಿಗೆ ತಾನೆ ನಿದ್ದೆ ಬಂದೀತು? ಆದರೆ ದಲ್ಲಾಳಿಯ ಮಾತು ಸುಳ್ಳು. ಸುದ್ದಿ ಕೇಳಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಇಂಥ ಭೂಸ್ವಾಧೀನ ಸಾಮಾನ್ಯವಾಗಿ ನಡೆಯುವುದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ. ಮೊದಲು 28(1)ನೇ ಕಲಮಿನ ಪ್ರಾಥಮಿಕ ಅಧಿಸೂಚನೆ (ಈ ಜಮೀನು ಬೇಕಾಗಿದೆ ಎಂಬ ಸರ್ಕಾರದ ಪ್ರಕಟಣೆ) ಹೊರಡುತ್ತದೆ. ಆಮೇಲೆ ನಿಮಗೆ ನೋಟಿಸ್ ಕೊಟ್ಟು, ಆಕ್ಷೇಪಣೆ ಹೇಳಲು 30 ದಿನ ಬಿಡಬೇಕು. ನಿಮ್ಮ ಮಾತು ಕೇಳಿದ ನಂತರವೇ 28(4)ರ ಅಂತಿಮ ಅಧಿಸೂಚನೆ. ಪರಿಹಾರ 29ನೇ ಕಲಮಿನ ಪ್ರಕಾರ. ಒಪ್ಪಂದದ ಮೂಲಕ ದರ ನಿಗದಿ ಮಾಡಿಕೊಳ್ಳುವ ದಾರಿಯೂ ಅದರಲ್ಲಿದೆ.

ಈ ವಾರವೇ ಪಹಣಿ ತೆಗೆಸಿ ನೋಡಿ. ತೀರಿಹೋದ ಹಿರಿಯರ ಹೆಸರೇ ಇನ್ನೂ ಇದ್ದರೆ ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾಯಿಸುವುದು) ಮಾಡಿಸಿ. ಪರಿಹಾರ ವರ್ಷಗಟ್ಟಲೆ ನಿಂತುಹೋಗುವುದು ಬಹಳ ಸಲ ಇಲ್ಲಿಯೇ. ಅಕ್ಕತಂಗಿಯರ ಪಾಲನ್ನು ಬಚ್ಚಿಡಬೇಡಿ, ಅದು ಅನ್ಯಾಯ, ಮುಂದೆ ಕೋರ್ಟಿಗೂ ಎಳೆಯುತ್ತದೆ. ಬಾವಿ, ಕೊಳವೆಬಾವಿ, ಮರ, ಪೈಪ್‌ಲೈನ್ ಎಲ್ಲದರ ಪಟ್ಟಿ ಬರೆದು ಫೋಟೊ ತೆಗೆದಿಡಿ. ವಕೀಲರ ಫೀಜಿನ ಚಿಂತೆ ಇದ್ದರೆ ಹಾವೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ.

ಪ್ರಶ್ನೆ: ಮಗ ಐಟಿಐ ಮುಗಿಸಿ ಕಾರ್ಖಾನೆಯೊಂದಕ್ಕೆ ಸೇರುತ್ತಿದ್ದಾನೆ. ಹರಿಹರದ ಕಿರ್ಲೋಸ್ಕರ್ ಮುಚ್ಚಿದ್ದನ್ನು ಕಂಡವನು ನಾನು. ಕಳಿಸಲು ಧೈರ್ಯವಿಲ್ಲ.
(ಓದುಗರು, ರಾಣೆಬೆನ್ನೂರು)

ಉತ್ತರ: ಅಷ್ಟು ದೊಡ್ಡ ಕಾರ್ಖಾನೆ 2000ದ ದಶಕದ ಆರಂಭದಲ್ಲಿ ಬಾಗಿಲು ಹಾಕಿದಾಗ ಎಷ್ಟು ಮನೆಗಳು ನಲುಗಿದವೆಂದು ನಿಮಗೆ ಹೇಳಬೇಕಿಲ್ಲ. ಹಾಗೆಂದು ಮಗನನ್ನು ತಡೆಯಬೇಡಿ. ಕಾರ್ಖಾನೆ ಮುಚ್ಚಬಹುದು, ಕಲಿತ ಕೈಕೆಲಸ ಎಲ್ಲೂ ಹೋಗುವುದಿಲ್ಲ. ನೇಮಕಾತಿ ಪತ್ರ ಕೈಗೆ ಬಂದ ಮೇಲೇ ಕೆಲಸಕ್ಕೆ ಸೇರಲಿ. ಗುತ್ತಿಗೆದಾರರ ಮೂಲಕವಾದರೆ ಅವರ ಹೆಸರು ಅದರಲ್ಲಿರಲಿ. 12 ಅಂಕಿಯ ಯುಎಎನ್ (ಭವಿಷ್ಯನಿಧಿ ಖಾತೆಯ ಕಾಯಂ ಸಂಖ್ಯೆ) ಪಡೆದು, ಪಗಾರದಲ್ಲಿ ಹಿಡಿದ ಹಣ ಅಲ್ಲಿ ಜಮೆಯಾಗುತ್ತಿದೆಯೇ ಎಂದು ಪ್ರತಿ ತಿಂಗಳು ನೋಡಿಕೊಳ್ಳಲಿ.

ಪ್ರಶ್ನೆ: ನಮ್ಮ ಓಣಿಯ ಹಿಂದೆ ಮೆಣಸಿನಕಾಯಿ ಎಣ್ಣೆ ತೆಗೆಯುವ ಘಟಕ ಬರಲಿದೆಯಂತೆ. ಬೆಂಕಿ ಹತ್ತುತ್ತದೆ, ಬಾವಿ ನೀರು ಕೆಡುತ್ತದೆ ಎಂದು ಹೆದರಿಸುತ್ತಾರೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ.
(ಓದುಗರು, ಬ್ಯಾಡಗಿ)

ಉತ್ತರ: ಮಕ್ಕಳಿರುವ ಮನೆಗೆ ಈ ಚಿಂತೆ ಬರಲೇಬೇಕು. ಇಂಥ ಘಟಕವನ್ನು ಸುರಕ್ಷಿತವಾಗಿ ನಡೆಸುವುದು ಸಾಧ್ಯ. ಹಾಗೆ ನಡೆಸುತ್ತಾರೆಯೇ ಎಂದು ಮೊದಲೇ ಕೇಳುವ ಹಕ್ಕು ನಿಮಗಿದೆ.

ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಕೆಂಪು ಹೆಚ್ಚು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಆ ಬಣ್ಣಕ್ಕಾಗಿಯೇ ಅದರಿಂದ ಓಲಿಯೋರೆಸಿನ್ (ಕಾಯಿಯ ಬಣ್ಣ, ಸತ್ವ ಇಳಿದ ಗಟ್ಟಿ ಎಣ್ಣೆ) ತೆಗೆಯುತ್ತಾರೆ. ರೈತರಿಗೆ ಕೊಳ್ಳುವವರು ಹೆಚ್ಚಾಗುವುದು ಒಳ್ಳೆಯದೇ. 2024ರ ಮಾರ್ಚ್ 11ರಂದು ದರ ಕುಸಿದಾಗ ರೈತರ ಸಿಟ್ಟಿಗೆ ಮಾರುಕಟ್ಟೆ ಪ್ರಾಂಗಣದಲ್ಲಿ ಬೆಂಕಿ ಎದ್ದದ್ದನ್ನು ನೀವು ಮರೆತಿರಲಾರಿರಿ.

ಆದರೆ ಸತ್ವ ಇಳಿಸಲು ಹೆಚ್ಚಾಗಿ ಬಳಸುವ ಹೆಕ್ಸೇನ್ (ಪೆಟ್ರೋಲಿನ ಜಾತಿಯ ದ್ರಾವಕ) ಬಲುಬೇಗ ಹೊತ್ತಿಕೊಳ್ಳುತ್ತದೆ. ಅದರ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ಹರಡುತ್ತದೆ. ದ್ರಾವಕ ಎಷ್ಟು ಇಡುತ್ತಾರೆ, ಮನೆಗಳಿಂದ ಎಷ್ಟು ದೂರ, ಕೊಳೆನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಮಾಲಿನ್ಯ ಮಂಡಳಿಯ ಸ್ಥಾಪನಾ ಸಮ್ಮತಿ (ಕಟ್ಟುವ ಮೊದಲು ಪಡೆಯುವ ಒಪ್ಪಿಗೆ), ಆಮೇಲಿನ ಕಾರ್ಯಾಚರಣಾ ಸಮ್ಮತಿ (ನಡೆಸಲು ಪಡೆಯುವ ಒಪ್ಪಿಗೆ), ಅಗ್ನಿಶಾಮಕ ಇಲಾಖೆಯ ಪತ್ರ, ಇವುಗಳ ಪ್ರತಿ ಬೇಕೆಂದು ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು.

1972ರಲ್ಲಿ ಕುಮಾರಪಟ್ಟಣದ ಹೊಳೆದಂಡೆಯವರಿಗೆ ಇಲ್ಲದ ಈ ಅನುಕೂಲ ನಿಮಗಿದೆ. ಅಡಿಪಾಯ ಬೀಳುವ ಮೊದಲೇ ಓಣಿಯ ನಾಲ್ಕಾರು ಮನೆಯವರು ಸೇರಿ ಅರ್ಜಿ ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ.