ಹದಿಹರೆಯದ ಮಕ್ಕಳ ಹೊಟ್ಟೆನೋವು: ಮೇದೋಜೀರಕದ ಬಾವು ಇರಬಹುದೇ?



ಮಕ್ಕಳಿಗೆ ಹೊಟ್ಟೆನೋವು ಬಂದರೆ ಗ್ಯಾಸ್ ಅಥವಾ ಜಂತುಹುಳು ಎಂದು ತಿಳಿದು ಸೋಡಾ ಕುಡಿಸುವುದು ನಮ್ಮಲ್ಲಿ ರೂಢಿ. ಬಹಳ ಸಲ ಅಷ್ಟಕ್ಕೇ ಗುಣವೂ ಆಗುತ್ತದೆ. ಆದರೆ ಹೊಕ್ಕುಳಿನ ಮೇಲ್ಭಾಗದಲ್ಲಿ ತೀವ್ರ ನೋವು ಎದ್ದು, ವಾಂತಿಯಾದರೂ ಇಳಿಯದೆ, ಕೆಲವರಲ್ಲಿ ಬೆನ್ನಿಗೂ ಹಬ್ಬಿದರೆ ಅದು ಮೇದೋಜೀರಕ ಗ್ರಂಥಿಯ ಬಾವು ಇರಬಹುದು. ಜಠರದ ಹಿಂದಿರುವ ಈ ಗ್ರಂಥಿ ಜೀರ್ಣರಸವನ್ನೂ ಇನ್ಸುಲಿನ್ನನ್ನೂ ತಯಾರಿಸುತ್ತದೆ. ಕರುಳಿನಲ್ಲಿ ಕೆಲಸ ಮಾಡಬೇಕಾದ ರಸ ಗ್ರಂಥಿಯೊಳಗೇ ಚುರುಕಾದರೆ ಗ್ರಂಥಿಯನ್ನೇ ಸುಡತೊಡಗುತ್ತದೆ.

ಇದು ಕುಡುಕರ ಕಾಯಿಲೆ ಎಂಬ ಮಾತಿದೆ. ಮಕ್ಕಳ ಮಟ್ಟಿಗೆ ಅದು ಅನ್ಯಾಯದ ಮಾತು. ಪಿತ್ತಕೋಶದ ಕಲ್ಲು, ಮಂಗನಬಾವು, ಪಿತ್ತನಾಳಕ್ಕೆ ನುಗ್ಗಿದ ಜಂತುಹುಳು, ಫಿಟ್ಸ್‌ಗೆ ಕೊಡುವ ವಾಲ್ಪ್ರೊಯೇಟ್‌ನಂಥ ಕೆಲವು ಔಷಧಿ, ರಕ್ತದಲ್ಲಿ ಅತಿಯಾದ ಕೊಬ್ಬು, ಹುಟ್ಟಿನಿಂದ ಬಂದ ನಾಳದ ದೋಷ, ವಂಶವಾಹಿ ಇವೆಲ್ಲ ಕಾರಣಗಳೇ. ನಮ್ಮ ಕಸುಬಿನವರು ವಿಶೇಷವಾಗಿ ಗಮನಿಸಬೇಕಾದದ್ದು ಹೊಟ್ಟೆಗೆ ಬಿದ್ದ ಪೆಟ್ಟು. ಹಾಲು ಕರೆಯುವಾಗ ಆಕಳು ಒದ್ದಿರಬಹುದು, ಕ್ಯಾನು ಕಟ್ಟಿದ ಸೈಕಲ್ಲು ಉರುಳಿ ಹ್ಯಾಂಡಲ್ ಹೊಟ್ಟೆಗೆ ಒತ್ತಿರಬಹುದು. ಚರ್ಮದ ಮೇಲೆ ಗಾಯ ಕಾಣದಿದ್ದರೂ ಒಳಗೆ ಗ್ರಂಥಿ ಬೆನ್ನುಮೂಳೆಗೆ ಒತ್ತಿ ಜಜ್ಜಿರುತ್ತದೆ. ನೋವು ಒಂದೆರಡು ದಿನ ಕಳೆದು ಬರುವುದೂ ಉಂಟು. ಬೈಗುಳಕ್ಕೆ ಹೆದರಿ ಹುಡುಗರು ಬಿದ್ದದ್ದನ್ನು ಹೇಳುವುದಿಲ್ಲ, ಮೆಲ್ಲಗೆ ಕೇಳಬೇಕು.

ಸಂಘದಲ್ಲಿ ಹಾಲಿನ ಜಿಡ್ಡನ್ನು ಕಣ್ಣಳತೆಯಲ್ಲಿ ಬರೆಯುವುದಿಲ್ಲ. ಹಾಗೆಯೇ ಈ ರೋಗಕ್ಕೂ ಪರೀಕ್ಷೆ ಬೇಕು. ರೋಗದ ಲಕ್ಷಣಕ್ಕೆ ಹೊಂದುವ ನೋವು, ರಕ್ತದಲ್ಲಿ ಅಮೈಲೇಸ್ ಅಥವಾ ಲೈಪೇಸ್ ಸಾಮಾನ್ಯ ಮಿತಿಯ 3 ಪಟ್ಟು ಏರಿರುವುದು, ಸ್ಕ್ಯಾನಿಂಗ್‌ನಲ್ಲಿ ಬಾವು ಕಾಣುವುದು, ಈ ಮೂರರಲ್ಲಿ ಎರಡಿದ್ದರೆ ರೋಗ ಖಚಿತ. ಅಮೈಲೇಸ್ ಕೆಲವೇ ದಿನಗಳಲ್ಲಿ ಇಳಿದುಬಿಡುತ್ತದೆ. ಜೋಯಿಡಾದ ಒಳಹಳ್ಳಿಗಳಿಂದ ತಡವಾಗಿ ಬಂದವರಿಗೆ ಲೈಪೇಸ್ ಪರೀಕ್ಷೆಯೇ ಹೆಚ್ಚು ನಂಬಿಕೆಯದು.

ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಮೊದಲ ಒಂದೆರಡು ದಿನ ಸಾಕಷ್ಟು ಸಲಾಯಿನ್ ಮತ್ತು ನೋವು ಶಮನ. ಸೋಂಕಿಲ್ಲದೆ ಆಂಟಿಬಯೋಟಿಕ್ ಬೇಕಿಲ್ಲ. ಹಿಂದೆ ದಿನಗಟ್ಟಲೆ ಉಪವಾಸ ಇಡುತ್ತಿದ್ದರು. ಈಗ ಸೌಮ್ಯ ರೋಗದಲ್ಲಿ ಮಗು ತಾಳಿಕೊಂಡಂತೆ ಬೇಗನೆ ಊಟ ಆರಂಭಿಸುತ್ತಾರೆ. ಹೆಚ್ಚಿನ ಮಕ್ಕಳು ಹೀಗೆಯೇ ಗುಣವಾಗುತ್ತಾರೆ. ಉಸಿರಾಟದ ತೊಂದರೆ, ಮೂತ್ರ ಕಡಿಮೆಯಾಗುವುದು, ಮಂಪರು ಕಂಡರೆ ಹಳಿಯಾಳ, ದಾಂಡೇಲಿ, ಮುಂಡಗೋಡಿನಲ್ಲಿ ಕಾಯದೆ 108ಕ್ಕೆ ಕರೆಮಾಡಿ, ವೈದ್ಯರ ಚೀಟಿಯೊಂದಿಗೆ ಹುಬ್ಬಳ್ಳಿ-ಧಾರವಾಡದ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ನೋವು ಪದೇಪದೇ ಮರುಕಳಿಸಿ, ಮಗು ಸೊರಗಿ, ಮಲ ಜಿಡ್ಡಾಗಿ ನೀರಲ್ಲಿ ತೇಲುತ್ತಿದ್ದರೆ ಅದು ದೀರ್ಘಕಾಲದ ಬಾವು ಇರಬಹುದು. ಗ್ರಂಥಿಯಲ್ಲಿ ಕಲ್ಲು ಕಟ್ಟುವ ಈ ಬಗೆ ದಕ್ಷಿಣ ಭಾರತದಲ್ಲಿ, ಮುಖ್ಯವಾಗಿ ಕೇರಳದಲ್ಲಿ, ಎಳೆಯರಲ್ಲಿಯೂ ಕಂಡುಬಂದಿದೆ. ಇದಕ್ಕೆ ಊಟದ ಜೊತೆ ಕಿಣ್ವದ ಕ್ಯಾಪ್ಸೂಲ್ ಕೊಡುತ್ತಾರೆ. ಸಕ್ಕರೆ ರೋಗ ಬಂದೀತೆಂದು ಆಗಾಗ ರಕ್ತ ನೋಡಿಸಬೇಕು. ವೈದ್ಯರು ಹೇಳದೆ ಹಾಲು-ತುಪ್ಪ ಪೂರ್ತಿ ಬಿಡಿಸಬೇಡಿ, ಸೊರಗಿದ ಮಗುವಿಗೆ ಪುಷ್ಟಿಯೂ ಬೇಕು.